ಹಳೆಯ ಆವೃತ್ತಿಯ ನಿವೃತ್ತಿ ಮತ್ತು ಕನ್ನಡ ಸಂಶೋಧನೆ

ಮುಕ್ತ ತಂತ್ರಾಂಶವೊಂದರ ಹಳೆಯ ಆವೃತ್ತಿಯನ್ನು ಎಂದು ಕೈಬಿಡಬೇಕೆಂಬ ಪ್ರಶ್ನೆಯನ್ನು ತಂತ್ರಜ್ಞರಿಗೆ ಬಿಟ್ಟು ಭಾಷಾ ಸಂಶೋಧಕರು ಸುಮ್ಮನಿರುವುದು ಸಲ್ಲದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3ನೆಯ ಆವೃತ್ತಿ 2008ರಲ್ಲಿ ಬಂದಿತು. 2ನೆಯದನ್ನು 2015ಕ್ಕೆ ನಿಲ್ಲಿಸುವ ಉದ್ದೇಶವಿತ್ತು. ಬಳಕೆದಾರರಲ್ಲಿ ಅನೇಕರು ಇನ್ನೂ ಹಳೆಯದನ್ನೇ ಅವಲಂಬಿಸಿದ್ದುದರಿಂದ 2014ರಲ್ಲಿ ಆ ಗಡುವನ್ನು 2020ಕ್ಕೆ ಮುಂದೂಡಲಾಯಿತು. ಈ ತಾಳ್ಮೆ ಉಚಿತವಾದುದೇ.

ಕನ್ನಡದ ಮಟ್ಟಿಗಂತೂ ಹಳೆಯದು ತೆರವಾದದ್ದು ಲಾಭ. ಯುಟಿಎಫ್-8ರಲ್ಲಿರುವ ‘ಕನ್ನಡ’ ಎಂಬ ಪದದ ಉದ್ದವನ್ನು ಕೇಳಿದರೆ, ಯೂನಿಕೋಡ್ ಎಂದು ಪ್ರತ್ಯೇಕವಾಗಿ ಸೂಚಿಸದಿದ್ದಾಗ, ಪೈಥಾನ್ 2 ಬೈಟುಗಳನ್ನೆಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಯೂನಿಕೋಡ್ ಸಂಕೇತಗಳನ್ನೆಣಿಸಿ 5 ಎನ್ನುತ್ತದೆ. ಓದುಗರು ಕಾಣುವ ಮೂರು ಅಕ್ಷರಗಳು ಎರಡರ ಲೆಕ್ಕಕ್ಕೂ ಸಿಗಲಿಲ್ಲವೆಂಬುದು ಬೇರೆ ಮಾತು!

ಆದರೂ ಆಕ್ಷೇಪವೊಂದಕ್ಕೆ ಎಡೆಯಿದೆ. ಹಳೆಯ ಆವೃತ್ತಿಗೆಂದು ಬರೆದ ಪದಗಣನೆಯ ಪ್ರೋಗ್ರಾಂ ಹೊಸದರಲ್ಲಿ ಅನೇಕ ವೇಳೆ ಹಾಗೆಯೇ ನಡೆಯದು. ಆ ಗಣನೆಯನ್ನಾಧರಿಸಿದ ನಿರ್ಣಯವನ್ನು ಮರುಪರೀಕ್ಷಿಸುವವರ ಗತಿಯೇನು? ಪರಿಷ್ಕೃತ ಮುದ್ರಣ ಬಂದ ಮಾತ್ರಕ್ಕೆ ಯಾವ ಗ್ರಂಥಸಂಪಾದಕರೂ ಓಲೆಗರಿಯನ್ನು ಎಸೆಯುವುದಿಲ್ಲ. 2020ರ ಏಪ್ರಿಲ್‌ನ ಕೊನೆಯ ಬಿಡುಗಡೆಯಾದ 2.7.18 ಇಂದಿಗೂ ಮುಕ್ತವಾಗಿ ದೊರೆಯುತ್ತದೆ. ಸಂಶೋಧನ ಪ್ರಬಂಧಗಳು ಬಳಸಿದ ಆವೃತ್ತಿಯ ಸಂಖ್ಯೆಯನ್ನು ನಮೂದಿಸಲಿ. ವಿಭಾಗಗಳು ಪ್ರೋಗ್ರಾಮನ್ನೂ ಪ್ರಬಂಧದೊಡನೆ ಕಾಪಿಡಲಿ.