ಬುದ್ಧಿವಾದ ಮಕ್ಕಳಿಗೋ, ದೊಡ್ಡವರಿಗೋ?

ಮಕ್ಕಳನ್ನೂ ಸಂಸಾರಗಳನ್ನೂ ಅಂತರ್ಜಾಲದ ಕೇಡಿನಿಂದ ಕಾಪಾಡಲು ಸರಕಾರ ಏನೂ ಮಾಡಿಲ್ಲವೆಂದು ಯಾರೂ ಹೇಳಲಾರರು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯುಂಟು. 2012ರ ಪೋಕ್ಸೋ ಕಾಯಿದೆಯುಂಟು. ಹಣ ಕಳೆದುಕೊಂಡವರಿಗೆ 1930, ಮಕ್ಕಳಿಗೆ 1098. 'ಗುರುತಿಲ್ಲದವರಿಗೆ ಫೋಟೋ ಕಳಿಸಬೇಡ, ಮಗು' ಎಂಬ ಶಾಲೆಯ ಉಪದೇಶವೂ ಉಂಟು. ಒಳ್ಳೆಯದೇ. ಆದರೆ ಆ ಉಪದೇಶ ಸಲ್ಲಬೇಕಾದದ್ದು ಮಗುವಿಗೋ, ಅದರ ಅಪ್ಪನಿಗೋ?

ಇದಕ್ಕೆ ಉತ್ತರ ಹೇಳಬೇಕಾದವರು ಹಾಸನ ಜಿಲ್ಲೆಯವರಾದ ನಾವು. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಇಲ್ಲಿ ಪೆನ್ ಡ್ರೈವ್‌ಗಳು ಕರಪತ್ರಗಳಂತೆ ಹಂಚಿಕೆಯಾದುವು. ಒಳಗಿದ್ದದ್ದು ಹೆಣ್ಣುಮಕ್ಕಳ ಮಾನ. ಅವರ ಮುಖ ಮರೆಸುವಷ್ಟು ದಾಕ್ಷಿಣ್ಯವೂ ಹಂಚಿದವರಿಗೆ ಇರಲಿಲ್ಲ. ಹೊಳೆನರಸೀಪುರದ ಠಾಣೆಯಲ್ಲಿ ದೂರು ದಾಖಲಾಯಿತು. ವಿಶೇಷ ತನಿಖಾ ದಳ ಬಂತು. ದೃಶ್ಯ ಹಂಚುವುದು ಅಪರಾಧವೆಂದು ಅದು ಎಚ್ಚರಿಸುವ ಹೊತ್ತಿಗೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಲೋಕಸಭಾ ಸದಸ್ಯ ಪ್ರಜ್ವಲ್ ರೇವಣ್ಣನವರಿಗೆ ಒಂದು ಮೊಕದ್ದಮೆಯಲ್ಲಿ ಜೀವಾವಧಿ ಸಜೆ ವಿಧಿಸಿತು.

ನ್ಯಾಯ ಸಿಕ್ಕಿತೆಂದು ಸಮಾಧಾನಪಟ್ಟೆವು. ಆದರೆ ಇಲ್ಲಿ ನಡೆದ ಅಪರಾಧ ಒಂದಲ್ಲ, ಎರಡು. ಹೆಣ್ಣನ್ನು ಹಿಂಸಿಸಿದ್ದು ಒಂದು. ಆ ಹಿಂಸೆಯನ್ನು ಊರಿಗೆಲ್ಲ ತೋರಿಸಿದ್ದು ಇನ್ನೊಂದು. ಪೆನ್ ಡ್ರೈವ್ ಹಂಚಿದವರೆಂದು ಕೆಲವರ ಮೇಲೆ ಮೊಕದ್ದಮೆ ಹೂಡಿದರು. ಫೋನಿನಿಂದ ಫೋನಿಗೆ ದಾಟಿಸಿದ ಸಭ್ಯ ಗೃಹಸ್ಥರೋ? 'ಸತ್ಯ ಜನಕ್ಕೆ ತಿಳಿಯಲಿ ಎಂದು ಕಳಿಸಿದೆ' ಎನ್ನುತ್ತಾರೆ. ಆ ಸತ್ಯವನ್ನು ನೋಡಬೇಕಾದವರು ನ್ಯಾಯಾಧೀಶರು; ಕಾಫಿ ಹೋಟೆಲಿನ ಮೇಜಿನವರಲ್ಲ.

ಕಾಯಿದೆಯ 67ಎ ಕಲಮಿನಂತೆ ಇಂಥ ದೃಶ್ಯ ದಾಟಿಸಿದವನಿಗೆ ಮೊದಲ ಸಲವೇ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ದೂರು ಬಂದ 24 ಗಂಟೆಯೊಳಗೆ ಅದನ್ನು ತೆಗೆಯಬೇಕೆಂದು 2021ರ ನಿಯಮಗಳು ಕಂಪೆನಿಗಳಿಗೆ ವಿಧಿಸಿದುವು. ಕಂಪೆನಿಗೆ ಕೊಟ್ಟ ಅಪ್ಪಣೆ ಜೇಬಿನಲ್ಲಿರುವ ಪೆನ್ ಡ್ರೈವಿಗೆ ಕೇಳಿಸುತ್ತದೆಯೆ?

ದೂರಾದರೂ ಯಾರಿಗೆ ಕೊಡಬೇಕು? ಜಿಲ್ಲೆಯ ಸೈಬರ್ ಠಾಣೆ ಹಾಸನದಲ್ಲಿ. ಅರಕಲಗೂಡಿನ, ಚನ್ನರಾಯಪಟ್ಟಣದ ಹೆಣ್ಣುಮಗಳು ತನ್ನೂರಿನ ಠಾಣೆಗೇ ಹೋಗಬಹುದು, ನಿಜ. ಆದರೆ ಪೇದೆಯಿಂದ ಎದುರಂಗಡಿಯವನವರೆಗೆ ಎಲ್ಲರೂ ಗುರುತಿನವರಾದ ಊರಿನಲ್ಲಿ ಆಕೆ ಯಾವ ಧೈರ್ಯದಿಂದ ಆ ಮೆಟ್ಟಲು ಹತ್ತಿಯಾಳು? ಮನೆಗೇ ಹೋಗಿ, ಹೆಸರು ಹೊರಬೀಳದಂತೆ ದೂರು ಬರೆದುಕೊಳ್ಳುವ ಮಹಿಳಾ ಅಧಿಕಾರಿಯೊಬ್ಬರನ್ನು ಸರಕಾರ ತಾಲ್ಲೂಕಿಗೊಬ್ಬರಂತೆ ಕೊಡಲಿ. ದಾಟಿಸಿದವರನ್ನೂ ಕಟಕಟೆಯಲ್ಲಿ ನಿಲ್ಲಿಸಲಿ. ಶಾಲೆಯ ಉಪದೇಶವನ್ನು ಪಂಚಾಯಿತಿ ಸಭೆಗೂ ಸಹಕಾರಿ ಸಂಘಕ್ಕೂ ಒಯ್ಯಲಿ.

ತಾಯಿಯ ಮುಖ ಊರಿನ ಫೋನುಗಳಲ್ಲಿ ತಿರುಗುತ್ತಿರುವಾಗ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೊರಟ ಮಗುವಿಗೆ 1098 ಏನು ಸಮಾಧಾನ ಹೇಳೀತು? ಸರಕಾರ ಮಾಡುವುದನ್ನು ಮಾಡಲಿ. ಆ ದೃಶ್ಯ ನಮ್ಮಲ್ಲಿ ಯಾರ ಫೋನಿನಲ್ಲಾದರೂ ಇನ್ನೂ ಉಳಿದಿದ್ದರೆ, ಈ ಪತ್ರಿಕೆ ಮಡಿಸುವ ಮುನ್ನ ಅಳಿಸಿಹಾಕಲಿ.