ತರಕಾರಿ ಮಾರುವಾಕೆಯೇ ಮೊದಲ ಮೇಷ್ಟ್ರು

ಪರವೂರಿಗೆ ಹೋದವರನ್ನು ಮೊದಲು ಕಾಡುವುದು ಊಟ. ಭಾಷೆ ಬರದಿದ್ದರೆ ಕೈಸನ್ನೆಯಲ್ಲಿ ಹೇಗೋ ಕೆಲಸ ಆಗುತ್ತದೆ. ಹೊಟ್ಟೆಗೆ ಸನ್ನೆ ತಿಳಿಯುವುದಿಲ್ಲ. ಓದಲೆಂದು ಹಳ್ಳಿ ಬಿಟ್ಟು ಹಾಸ್ಟೆಲ್ ಸೇರಿದ ನಮಗೆಲ್ಲ ಇದು ಗೊತ್ತು. ಮುದ್ದೆ ಉಂಡು ಬೆಳೆದ ನಾವು ಮೊದಲ ತಿಂಗಳೆಲ್ಲ ಹಾಸ್ಟೆಲ್ ಅನ್ನವನ್ನು ಬೈದುಕೊಂಡೇ ಉಂಡೆವು.

ಹಾಗೆ ಬೈಯದೆ, ಪರದೇಶದ ಊಟವನ್ನು ಕೇಳಿ ಕೇಳಿ ಕಲಿತ ಅಮೆರಿಕದ ಹೆಂಗಸೊಬ್ಬಳ ಕತೆ ಇವತ್ತು ಹೇಳುತ್ತೇವೆ. ಹೆಸರು ಜೂಲಿಯಾ ಚೈಲ್ಡ್. ಹುಟ್ಟಿದ್ದು 1912ರಲ್ಲಿ, ಕ್ಯಾಲಿಫೋರ್ನಿಯಾದ ಸ್ಥಿತಿವಂತರ ಮನೆಯಲ್ಲಿ. ಮನೆಗೆ ಅಡುಗೆಯವರಿದ್ದರು. ಹಾಗಾಗಿ ಈಕೆಗೆ ಒಲೆಯ ಕೆಲಸ ಅಷ್ಟಾಗಿ ಬರುತ್ತಿರಲಿಲ್ಲ. ಗಂಡ ಪಾಲ್‌ಗೆ ಪ್ಯಾರಿಸ್‌ನಲ್ಲಿ ಅಮೆರಿಕ ಸರ್ಕಾರದ ನೌಕರಿ. 1948ರ ನವೆಂಬರಿನಲ್ಲಿ ಇಬ್ಬರೂ ಹಡಗಿನಲ್ಲಿ ಫ್ರಾನ್ಸಿಗೆ ಬಂದಿಳಿದರು.

ಪ್ಯಾರಿಸ್ಸಿನ ದಾರಿಯಲ್ಲಿ ರೂವಾನ್ ಎಂಬ ಊರಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತರು. ಬೆಣ್ಣೆಯಲ್ಲಿ ಬೇಯಿಸಿದ ಮೀನು ಬಂತು. ಏನೂ ಆಡಂಬರವಿಲ್ಲದ ಅಡುಗೆ. ಆದರೆ ಆ ಒಂದು ಊಟ ಆಕೆಯ ಬದುಕನ್ನೇ ತಿರುಗಿಸಿತು. ಆಗ ವಯಸ್ಸು 36.

ಮಹಾಯುದ್ಧ ಮುಗಿದು ಮೂರೇ ವರ್ಷ. ಪ್ಯಾರಿಸ್ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಕೈಯಲ್ಲಿ ಡಾಲರ್ ಇದ್ದವರಿಗೆ ದರ್ಪ ತೋರುವುದು ಸುಲಭವಿತ್ತು. ಜೂಲಿಯಾ ಮಾತ್ರ ಫ್ರೆಂಚ್ ಪಾಠಕ್ಕೆ ಸೇರಿದಳು, ಚೀಲ ಹಿಡಿದು ಮಾರುಕಟ್ಟೆಗೆ ನಡೆದಳು. ಅಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳಿದ್ದಳು. ಆಯಾ ಕಾಲದ ತರಕಾರಿ ಮಾರುತ್ತಿದ್ದುದರಿಂದ ‘ನಾಲ್ಕು ಋತುಗಳ ಮರೀ’ ಎಂದೇ ಹೆಸರು. ಒಳ್ಳೆಯ ಆಲೂಗಡ್ಡೆ ಆರಿಸುವುದು ಹೇಗೆ, ಯಾವ ತರಕಾರಿ ಯಾವ ಕಾಲಕ್ಕೆ ರುಚಿ, ಅದನ್ನು ಹೇಗೆ ಬೇಯಿಸಬೇಕು ಎಂದೆಲ್ಲ ಹೇಳಿಕೊಟ್ಟವಳು ಈ ಆಯಮ್ಮ. ಜತೆಗೆ ನಾಳೆ ಮಳೆ ಬರುತ್ತದೋ ಇಲ್ಲವೋ, ಗಡಿಯಾರದ ಪಟ್ಟಿ ಎಲ್ಲಿ ರಿಪೇರಿ ಮಾಡುತ್ತಾರೆ ಎಂಬ ಸುದ್ದಿಯೂ ಅವಳಲ್ಲಿತ್ತು.

ಅಲ್ಲಿನ ರೀತಿಯೇ ಹಾಗೆ. ಅಂಗಡಿಗೆ ಹೋದರೆ ಮೊದಲು ನಮಸ್ಕಾರ ಹೇಳಬೇಕು, ಎರಡು ಮಾತಾಡಬೇಕು. ಆಮೇಲೆ ವ್ಯಾಪಾರ. ಮೋಸ ಮಾಡುತ್ತಾರೆಂದು ಅನುಮಾನಿಸಿಕೊಂಡು ಬಂದ ಗಿರಾಕಿಗೆ ಮೋಸವೇ ಸಿಗುತ್ತದೆ, ಪ್ರೀತಿಯಿಂದ ಬಂದವರಿಗೆ ಒಳ್ಳೆಯ ಮಾಲು ಸಿಗುತ್ತದೆ ಎಂಬುದು ಜೂಲಿಯಾ ಕಂಡುಕೊಂಡ ಸತ್ಯ. ನಮ್ಮ ಸಂತೆಯ ಅಜ್ಜಿಯರೂ ಇದನ್ನೇ ಹೇಳಿಯಾರು.

1949ರಲ್ಲಿ ಆಕೆ ಲ ಕಾರ್ದೋಂ ಬ್ಲ್ಯೂ ಎಂಬ ಅಡುಗೆ ಶಾಲೆ ಸೇರಿದಳು. ಜತೆಗಿದ್ದವರು ಅಮೆರಿಕದ ಮಾಜಿ ಸೈನಿಕರು. ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು. ಮತ್ತೆ ಕೂತು ಪಾಸಾದಳು. 1961ರಲ್ಲಿ ಇಬ್ಬರು ಫ್ರೆಂಚ್ ಗೆಳತಿಯರ ಜತೆ 700ಕ್ಕೂ ಹೆಚ್ಚು ಪುಟಗಳ ಅಡುಗೆ ಪುಸ್ತಕ ತಂದಳು. 1963ರಿಂದ ಟಿವಿಯಲ್ಲಿ ಅಮೆರಿಕದ ಮನೆಮನೆಗೆ ಫ್ರೆಂಚ್ ಅಡುಗೆ ಕಲಿಸಿದಳು.

ಇದನ್ನು ಓದಿ, ಪರವೂರಿಗೆ ಹೋದವರು ಜೂಲಿಯಾಳಂತೆ ಹೊಂದಿಕೊಳ್ಳಬೇಕು ಎಂದು ನಾವೂ ಬರೆದುಬಿಡಬಹುದಿತ್ತು. ಅದು ಅರ್ಧ ನ್ಯಾಯ. ಆಕೆಗೆ ಪುರುಸೊತ್ತಿತ್ತು, ದುಡ್ಡಿತ್ತು, ಗಂಡನ ಸರ್ಕಾರಿ ನೌಕರಿಯಿತ್ತು. ಕಾಫಿ ತೋಟಕ್ಕೆ ಅಸ್ಸಾಮಿನಿಂದ, ಕೋಳಿ ಫಾರಂಗೆ ಬಿಹಾರದಿಂದ ಬಂದ ಹುಡುಗರಿಗೆ ಇವು ಯಾವುವೂ ಇಲ್ಲ. ಅವರಿಗೆ ಸಿಗಬಹುದಾದ್ದು ಒಂದೇ, ತಾಳ್ಮೆಯಿಂದ ಹೇಳಿಕೊಡುವ ಒಬ್ಬ ಮರೀ.

ನಮ್ಮ ಸಂತೆಯಲ್ಲಿ ಏನಾಗುತ್ತಿದೆ? ಅವರ ಕನ್ನಡ ಕೇಳಿ ನಗುತ್ತೇವೆ. ಒಂದು ಕಟ್ಟು ಸೊಪ್ಪಿಗೆ ಐದು ರೂಪಾಯಿ ಜಾಸ್ತಿ ಹೇಳುವುದನ್ನು ನೋಡಿಯೂ ಸುಮ್ಮನಿರುತ್ತೇವೆ. ನಾವೂ ನಕ್ಕಿದ್ದೇವೆ, ನಾವೂ ಸುಮ್ಮನಿದ್ದೇವೆ. ಬಿಳಿಯ ಪ್ರವಾಸಿಯೊಬ್ಬ ಮುದ್ದೆ ನುಂಗುವ ವಿಡಿಯೋ ಬಂದರೆ ಮಾತ್ರ ಹತ್ತು ಗ್ರೂಪಿಗೆ ಕಳಿಸುತ್ತೇವೆ. ಪಕ್ಕದ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಇರುವ ಹುಡುಗನಿಗೆ ನಮ್ಮ ಮುದ್ದೆ ಹಿಡಿಸಿತೇ ಎಂದು ಒಬ್ಬರೂ ಕೇಳಿಲ್ಲ.

ಕೇಳಿದರೆ ನಮಗೂ ಲಾಭವಿದೆ. ಹಿತ್ತಲಲ್ಲಿ ಹಬ್ಬುವ ನಮ್ಮ ಬಸಳೆ ಸೊಪ್ಪು ಬಂಗಾಳ, ಅಸ್ಸಾಮಿನವರಿಗೂ ಮನೆಯ ಸೊಪ್ಪೇ. ಬಂಗಾಳದಲ್ಲಿ ಅದಕ್ಕೆ ಪುಯಿ ಶಾಕ್ ಎನ್ನುತ್ತಾರೆ, ಮೀನಿನ ತಲೆ ಹಾಕಿ ಪಲ್ಯ ಮಾಡುತ್ತಾರೆ. ಬಸಳೆ ಕಟ್ಟಿನ ಕಡೆ ಬೆರಳು ತೋರಿಸಿ ನಿಂತ ಹುಡುಗನಿಗೆ ತನ್ನ ಊರೇ ಕಂಡಿರುತ್ತದೆ.

ಮುಂದಿನ ಸಂತೆಗೆ ಹೋದಾಗ ಅಂಥವರು ಸಿಕ್ಕರೆ ಸೊಪ್ಪಿನ ಹೆಸರು ಕನ್ನಡದಲ್ಲಿ ಹೇಳಿಕೊಡಿ. ಅವರ ಊರಲ್ಲಿ ಏನನ್ನುತ್ತಾರೆ, ಹೇಗೆ ಮಾಡುತ್ತಾರೆ ಎಂದು ಕೇಳಿ. ರೇಟು ಎಲ್ಲರಿಗೂ ಹೇಳುವಷ್ಟೇ ಹೇಳಿ. ನಾವೂ ಇನ್ನು ಮುಂದೆ ಹಾಗೇ ಮಾಡುತ್ತೇವೆ.