ನಡಿಗೆಯ ಖರ್ಚು ನಡೆಯುವವರದೇ ಇರಲಿ

“ನೀವು ನಾಲ್ಕು ಜನ ಮಂಡಿ ನೋಯಿಸಿಕೊಂಡು ಘಾಟಿ ಇಳಿದರೆ ಕ್ಯಾನ್ಸರ್ ರೋಗಿಗೆ ಏನು ಸಿಕ್ಕ ಹಾಗಾಯಿತು? ಕೊಡುವುದನ್ನು ಮನೆಯಲ್ಲೇ ಕೂತು ಕೊಡಬಹುದಲ್ಲ?” ಹಾಸನದಲ್ಲಿ ನನ್ನನ್ನು ಹೀಗೆ ಕೇಳಿದವರು ಕಷ್ಟದಲ್ಲಿರುವವರಿಗೆ ಸದ್ದಿಲ್ಲದೆ ನೆರವಾಗುವ ಜನ. ಅವರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮನೆಯಲ್ಲಿ ಕೂತರೆ ನನ್ನಿಂದ ಸಲ್ಲುವುದು ನನ್ನ ಪಿಂಚಣಿಯ ಒಂದು ಪಾಲು ಮಾತ್ರ. ನಡೆಯಲು ಹೊರಟರೆ ಬೇರೆಯವರನ್ನು ಕೇಳುವ ಧೈರ್ಯ ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಊರವರ ದುಡ್ಡು ಎಣಿಸಿಯೇ ನಿವೃತ್ತಳಾದ ನನಗೆ, ಗುರುತಿಲ್ಲದವರ ಮುಂದೆ ನಿಂತು ಹತ್ತು ರೂಪಾಯಿ ಕೇಳುವುದು ಘಾಟಿ ಇಳಿಯುವುದಕ್ಕಿಂತ ಕಷ್ಟವಾಗಿತ್ತು.

ನಾವು ನಾಲ್ವರೂ ಹೈಸ್ಕೂಲಿನಿಂದ ಗೆಳತಿಯರು. ಬೇಲೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಇಳಿದು ಉಜಿರೆ, ಇದು ನಮ್ಮ ದಾರಿ. ಶಿವರಾತ್ರಿ ಹತ್ತಿರ ಬಂದಾಗ ಧರ್ಮಸ್ಥಳದ ಪಾದಯಾತ್ರಿಗಳು ಈ ಘಾಟಿಯಲ್ಲಿ ಸಾಲುಗಟ್ಟುತ್ತಾರೆ; ಊರೂರಿನವರು ಮಜ್ಜಿಗೆ, ಕಲ್ಲಂಗಡಿ ಹಿಡಿದು ರಸ್ತೆಬದಿ ನಿಂತಿರುತ್ತಾರೆ. ಹಾಗಾಗಿ ಬೆನ್ನಿಗೆ ಚೀಲ ಹಾಕಿದ ಹೆಂಗಸರನ್ನು ಕಂಡ ಕೂಡಲೇ “ಧರ್ಮಸ್ಥಳಕ್ಕೇನಕ್ಕ?” ಅನ್ನುತ್ತಾರೆ. ನಮ್ಮ ಮಾತು ಶುರುವಾಗುವುದು ಅಲ್ಲಿಂದ. ಬೆಂಗಳೂರಿಗೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳ ಜೊತೆಯವರಿಗೆ ಉಳಿಯುವ ಜಾಗ, ಊಟ ಒದಗಿಸಲು ದುಡ್ಡು ಕೂಡಿಸುತ್ತಿದ್ದೇವೆ ಎಂದರೆ ಹೆಚ್ಚು ವಿವರಿಸಬೇಕಿಲ್ಲ. ನಾವು ಕೂತು ಮಾತಾಡಿದ ಕಡೆಯಲ್ಲೆಲ್ಲ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದವರೋ ಅವರ ನೆಂಟರೋ ಇದ್ದೇ ಇದ್ದರು. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಎಷ್ಟೋ ಸಲ ಆರೇಳು ವಾರ. ರೋಗಿಗೆ ಸರ್ಕಾರಿ ಯೋಜನೆಯ ಕಾರ್ಡಿನಲ್ಲಿ ಚಿಕಿತ್ಸೆ ಸಿಕ್ಕೀತು. ಕೂಲಿ ಬಿಟ್ಟು ಜೊತೆಗೆ ಬಂದ ಗಂಡ ಅಷ್ಟು ದಿನ ಎಲ್ಲಿ ಮಲಗಬೇಕು, ಏನು ತಿನ್ನಬೇಕು?

ಕೊಟ್ಟಿಗೆಹಾರದಲ್ಲಿ ನೀರುದೋಸೆ ಹುಯ್ಯುತ್ತಿದ್ದ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡು, ತಿಂಡಿಗೆ ದುಡ್ಡು ಬೇಡ ಅಂದರು. ನಾವು ಒಪ್ಪಲಿಲ್ಲ. ದೋಸೆಯ ದುಡ್ಡು ನಮ್ಮ ಪರ್ಸಿನಿಂದ ಕೊಟ್ಟೆವು. ಆಮೇಲೆ ಅವರು ಐವತ್ತರ ನೋಟು ಕೊಟ್ಟರು, ರಸೀದಿ ಬರೆದು ಹರಿದುಕೊಟ್ಟೆವು. ಈ ಎರಡು ಲೆಕ್ಕ ಎಂದೂ ಒಂದರೊಳಗೊಂದು ಸೇರಬಾರದು ಎಂಬುದೇ ನನ್ನ ವಾದ.

ನಾಲ್ವರ ತಂಡದ ಕಲ್ಪನೆ ಬಂದದ್ದು ಹಾಂಕಾಂಗಿನಿಂದ. 1981ರಲ್ಲಿ ಅಲ್ಲಿದ್ದ ಬ್ರಿಟಿಷ್ ಸೇನೆಯ ಗೂರ್ಖಾ ಸಿಗ್ನಲ್ಸ್ ದಳದವರು 100 ಕಿ.ಮೀ. ಉದ್ದದ ಮೆಕ್‌ಲಹೋಸ್ ಹಾದಿಯನ್ನು ತಾಲೀಮಿಗೆಂದು ನಡೆದರು, ಅದರ ಜೊತೆಗೆ ದಾನಕ್ಕೆ ಹಣವನ್ನೂ ಎತ್ತಿದರು. 1986ರಲ್ಲಿ ಸಾರ್ವಜನಿಕರಿಗೂ ಅವಕಾಶ ಸಿಕ್ಕಿತು, ಆಕ್ಸ್‌ಫ್ಯಾಮ್ ಕೈಜೋಡಿಸಿತು. ‘ಟ್ರೇಲ್‌ವಾಕರ್’ ಎಂಬ ಹೆಸರಿನ ಆ ನಡಿಗೆ 2012ರಲ್ಲಿ ಬೆಂಗಳೂರಿಗೂ ಬಂತು. ನಾಲ್ವರು, 100 ಕಿ.ಮೀ., 48 ಗಂಟೆಯ ಗಡುವು. ನಮಗೆ ಗಡುವು ಬೇಕಾಗಿರಲಿಲ್ಲ, ನಾಲ್ವರು ಒಟ್ಟಿಗೇ ಮುಗಿಸಬೇಕೆಂಬ ಅದರ ಹಟ ಮಾತ್ರ ಬಹಳ ಹಿಡಿಸಿತು. ಚಾರ್ಮಾಡಿಯಲ್ಲಿ ಗೆಳತಿಯೊಬ್ಬಳ ಮಂಡಿ ಊದಿಕೊಂಡಾಗ ಎಲ್ಲರ ನಡಿಗೆಯೂ ಅವಳ ನಡಿಗೆಯಾಯಿತು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಬಹಳ ಹೊತ್ತು ಕೂತೆವು. ಬೇಗ ನಡೆಯಬಲ್ಲವರು ಕಾದರು. ಲೆಕ್ಕಕ್ಕೂ ಸ್ನೇಹ ಒದಗಿತು: ಒಬ್ಬಳ ಹತ್ತಿರ ರಸೀದಿ ಪುಸ್ತಕ, ಇನ್ನೊಬ್ಬಳ ಹತ್ತಿರ ನಗದು, ರಾತ್ರಿ ನಾಲ್ವರೂ ಕೂತು ತಾಳೆ ನೋಡಿದ ಮೇಲೆಯೇ ಊಟ. ಕ್ಯೂಆರ್ ಕೋಡಿನಲ್ಲಿ ಬಂದದ್ದು ರೋಗಿಗಳ ಜೊತೆಯವರ ಊಟ, ವಸತಿ ನೋಡಿಕೊಳ್ಳುವ ಟ್ರಸ್ಟಿನ ಖಾತೆಗೇ ನೇರ ಹೋಯಿತು, ನಮ್ಮ ಫೋನಿಗೆ ಒಂದು ರೂಪಾಯಿಯೂ ಬರಲಿಲ್ಲ. ನಗದು 2,000 ರೂಪಾಯಿ ದಾಟಿದರೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ ಎಂದು ಕಾಫಿತೋಟದ ಮಾಲೀಕರಿಗೆ ಮೊದಲೇ ಹೇಳಿ ಚೆಕ್ಕು ಬರೆಸಿಕೊಂಡೆವು.

ಸ್ನೇಹದ ವಿಷಯದಲ್ಲಿ ಟೆರಿ ಫಾಕ್ಸ್‌ನನ್ನು ನೆನೆಯದೆ ಇರಲಾರೆ. ಕ್ಯಾನ್ಸರಿಗೆ ಒಂದು ಕಾಲು ಕೊಟ್ಟ ಆ ಕೆನಡಾದ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಬೇಕಾಯಿತು, ಮರುವರ್ಷ ತೀರಿಕೊಂಡ. ವ್ಯಾನ್ ಓಡಿಸಿ, ಅಡುಗೆ ಮಾಡಿ ಅವನ ಜೊತೆಗಿದ್ದವನು ಗೆಳೆಯ ಡಗ್ ಆಲ್ವರ್ಡ್. ದೇಶದ ತಲೆಗೊಂದು ಡಾಲರು ದೇಣಿಗೆ ಕೂಡಿಸುವುದು ಟೆರಿಯ ಗುರಿಯಾಗಿತ್ತು. ಜನಸಂಖ್ಯೆ ಆಗ ಸುಮಾರು 2.4 ಕೋಟಿ, 1981ರ ಫೆಬ್ರುವರಿಗೆ ನಿಧಿ ಆ ಮೊತ್ತ ದಾಟಿತ್ತು. ತನ್ನ ಓಟದಿಂದ ಯಾವ ಕಂಪನಿಯೂ ಲಾಭ ಮಾಡಿಕೊಳ್ಳಬಾರದು ಎಂದು ಅವನು ಪಟ್ಟು ಹಿಡಿದಿದ್ದ. ನಮ್ಮಲ್ಲೂ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಮಠದ ಮಕ್ಕಳ ಊಟಕ್ಕಾಗಿ ಹಳ್ಳಿಹಳ್ಳಿ ತಿರುಗಿ ಧಾನ್ಯ ಕೂಡಿಸಿದವರು. ಸೇರು ರಾಗಿ ಕೊಟ್ಟವರಿಗೂ ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು.

ಈ ನಂಬಿಕೆಯ ಮೇಲೆಯೇ ಇಂಥ ನಡಿಗೆಗಳು ನಿಂತಿರುವುದರಿಂದ ಒಂದು ಪದ್ಧತಿಯನ್ನು ನಾನು ವಿರೋಧಿಸುತ್ತೇನೆ. 5,895 ಮೀಟರ್ ಎತ್ತರದ ಕಿಲಿಮಂಜಾರೊಗೆ ‘ಸಹಾಯಾರ್ಥ ಚಾರಣ’ ಕರೆದೊಯ್ಯುವ ಸಂಸ್ಥೆಗಳಿವೆ. ಇಂತಿಷ್ಟು ದೇಣಿಗೆ ಎತ್ತಿದರೆ ನಿಮ್ಮ ಪ್ರವಾಸದ ಖರ್ಚನ್ನು ಅದರಿಂದಲೇ ಭರಿಸುವ ಏರ್ಪಾಡು ಬ್ರಿಟನ್ನಿನಲ್ಲಿ ಮಾಮೂಲು. ಹೀಗಾದರೂ ಒಂದಿಷ್ಟು ಹಣ ಬರುತ್ತದಲ್ಲ ಅನ್ನುವವರಿದ್ದಾರೆ. ಆದರೆ ರೋಗಿಗೆಂದು ಕೊಟ್ಟವನ ದುಡ್ಡಿನಲ್ಲಿ ನನ್ನ ಟೆಂಟು, ನನ್ನ ಟಿಕೆಟ್ಟು ಬಂದರೆ ಅವನ ಮುಂದೆ ಮತ್ತೆ ನಿಲ್ಲಲು ನನಗೆ ಮುಖವಿರುವುದಿಲ್ಲ. ದೂರ ಹೋಗುವ ಅನುಕೂಲ ಇಲ್ಲದಿದ್ದರೆ ಹತ್ತಿರದ ಗುಡ್ಡ ಹತ್ತಬಹುದು.

ನಗರಗಳಲ್ಲೀಗ ನಡಿಗೆ, ಓಟ ಏರ್ಪಡಿಸುವ ಸಂಘಗಳು ಹಲವು. ಟೀ ಶರ್ಟು, ಪದಕ, ಉಪಾಹಾರಕ್ಕೆ ಖರ್ಚು ಇದ್ದೇ ಇರುತ್ತದೆ, ಬೇಡವೆನ್ನುವುದಿಲ್ಲ. ಅದನ್ನು ಭಾಗವಹಿಸುವವರ ಶುಲ್ಕದಿಂದ ತೆಗೆಯಿರಿ. ದೇಣಿಗೆಯಾಗಿ ಎಷ್ಟು ಬಂತು, ಯಾರಿಗೆ ಎಷ್ಟು ಸಂದಿತು, ಕಾರ್ಯಕ್ರಮದ ಖರ್ಚು ಎಷ್ಟು, ಅದನ್ನು ಯಾರು ಕೊಟ್ಟರು ಎಂಬುದನ್ನು ಕಾರ್ಯಕ್ರಮ ಮುಗಿದ ತಿಂಗಳೊಳಗೆ ಪ್ರಕಟಿಸಿ. ನಮ್ಮ ಲೆಕ್ಕದ ಹಾಳೆಯನ್ನು ಕೊಟ್ಟಿಗೆಹಾರದ ಆ ಹೋಟೆಲಿಗೂ ಅಂಚೆಯಲ್ಲಿ ಕಳಿಸಿದ್ದೇವೆ. ಐವತ್ತು ರೂಪಾಯಿ ಕೊಟ್ಟವರಿಗೂ ಚೆಕ್ಕು ಬರೆದವರಿಗೂ ಹೋದದ್ದು ಒಂದೇ ಹಾಳೆ.